ಬಿಸಿ ಊಟ ಯಾರಿಗೆ? ಪುಟಾಣಿ ಜೊತೆ ಬೆಂಗಳೂರಿನ ಹೋಟೆಲ್ ಸುತ್ತಾಟ

ಮದುವೆಯಾದ ಹೊಸದರಲ್ಲಿ ಆಫೀಸಿನಲ್ಲಿ ಎಲ್ಲರೂ ಕೇಳ್ತಾರೆ, "ವೀಕೆಂಡ್ ಊಟಕ್ಕೆ ಎಲ್ಲಿಗೆ ಹೋಗಿದ್ರಿ?" ಅಂತ. ಮಗುವಾದ ಮೇಲೆ ಆ ಪ್ರಶ್ನೆ ನಿಂತುಹೋಗುತ್ತೆ. ಮಗು ಇರೋರು ಹೋದರೆ ಮಾಲ್‌ಗೆ, ಕೂತರೆ ಫುಡ್ ಕೋರ್ಟ್‌ನಲ್ಲಿ ಅನ್ನೋದು ಊರವರ ಲೆಕ್ಕ. ಮಂದ ಬೆಳಕು, ಬಟ್ಟೆಯ ನ್ಯಾಪ್‌ಕಿನ್, ತೆಳ್ಳಗಿನ ಗಾಜಿನ ಲೋಟ ಇರೋ ಜಾಗಗಳೆಲ್ಲ ಮಗುವಿಗೆ ಐದಾರು ವರ್ಷ ಆಗೋವರೆಗೆ ನಮ್ಮ ಪಾಲಿಗಿಲ್ಲ.

ನಮ್ಮ ಮಗಳಿಗೆ ಈಗ ಎರಡೂವರೆ ವರ್ಷ. ನಾನು, ನನ್ನ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದವರು, ಮನೆ ವಿಜಯನಗರದಲ್ಲಿ. ಮಗಳು ಅನ್ನ ತಿನ್ನೋಕೆ ಶುರು ಮಾಡಿದಾಗಿನಿಂದ ತಿಂಗಳಿಗೆ ಎರಡು ಸಲ ಹೊರಗೆ ಊಟ ಅಂತ ಹಟಕ್ಕೆ ಬಿದ್ದು ಇಟ್ಟುಕೊಂಡಿದ್ದೇವೆ. ಇದಕ್ಕೆ ಕಾರಣ ನಾಲಿಗೆ ರುಚಿ ಅಲ್ಲ. ಬಾಣಂತನ ಮುಗಿದ ಕೆಲವು ತಿಂಗಳಿಗೆ ಒಂದು ರಾತ್ರಿ ಹೆಂಡತಿ ತಟ್ಟೆ ಮುಂದೆ ಕೂತು ಹೇಳಿದಳು, "ಬಿಸಿ ಇರುವಾಗಲೇ ಒಂದು ತಟ್ಟೆ ಊಟ ಪೂರ್ತಿ ಮುಗಿಸಿ ಐದು ತಿಂಗಳಾಯ್ತು ಕಣೋ."

ಚಿಕ್ಕ ಮಗು ಇರೋ ಮನೆಯಲ್ಲಿ ಯಾರೋ ಒಬ್ಬರು ಯಾವಾಗಲೂ ಆರಿದ ಊಟ ತಿಂತಾರೆ. ಹೋಟೆಲ್‌ನಲ್ಲೂ ಅಷ್ಟೇ. ಅದು ಯಾರು ಅನ್ನೋದೇ ಪ್ರಶ್ನೆ. ಎರಡು ವರ್ಷದ ಸುತ್ತಾಟದಲ್ಲಿ ನಾನು ಎಲ್ಲಾ ಕಡೆ ಗಮನಿಸಿದ್ದು ಇದನ್ನೇ. ಯಾವ ಜಾಗದಲ್ಲಿ ಅಮ್ಮನ ತಟ್ಟೆ ಬಿಸಿಯಾಗಿರುತ್ತೋ ಅದೇ ಮಕ್ಕಳಿಗೆ ಒಳ್ಳೆ ಜಾಗ.

ಹಳೇ ಹೋಟೆಲ್‌ಗಳಿಗೆ ಗೊತ್ತಿರೋ ಗುಟ್ಟು

ಸ್ಟೈಲಿಶ್ ಜಾಗಗಳಿಗೆ ಹೋಗೋ ಮೊದಲು ನಮ್ಮ ಹಳೇ ಹೋಟೆಲ್‌ಗಳ ಮಾತು ಹೇಳಲೇಬೇಕು. ಮಗುವಿಗೆ ಹೊರಗಿನ ಊಟ ಅಭ್ಯಾಸ ಮಾಡಿಸೋಕೆ ಇವೇ ಶಾಲೆ.

ಲಾಲ್‌ಬಾಗ್ ರಸ್ತೆಯ ಎಂಟಿಆರ್ ಶುರುವಾಗಿದ್ದು 1924ರಲ್ಲಿ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ. ಎರಡರಲ್ಲೂ ಹೈ ಚೇರ್ ಇದೆಯಾ ಅಂತ ನಾನು ಕೇಳೋಕೆ ಹೋಗಿಲ್ಲ, ಅದರ ಅಗತ್ಯವೇ ಬರಲಿಲ್ಲ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡರೆ ಯಾರೂ ತಿರುಗಿ ನೋಡಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೇ ಇದ್ದಾಗ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು ಅನ್ನೋದು ಎಲ್ಲರಿಗೂ ಗೊತ್ತಿರೋ ಕಥೆ. ಆ ರವೆ ಇಡ್ಲಿಗೆ ತುಪ್ಪ ಹಾಕಿ ಮುರಿದುಕೊಟ್ಟರೆ ಒಂದು ವರ್ಷದ ಮಗುವೂ ತಿನ್ನುತ್ತೆ. ವಿದ್ಯಾರ್ಥಿ ಭವನದಲ್ಲಿ ಸಪ್ಲೈಯರ್ ಒಂದೇ ಕೈ ಮೇಲೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರೋದನ್ನ ನೋಡಿ ನಮ್ಮ ಮಗಳು ಅಳೋದನ್ನೇ ಮರೆತಳು. ಯಾವ ಕಾರ್ಟೂನೂ ಅವಳನ್ನ ಅಷ್ಟು ಹೊತ್ತು ಹಿಡಿದಿಟ್ಟಿಲ್ಲ. ಶುಕ್ರವಾರ ಅಲ್ಲಿ ರಜಾ, ನೆನಪಿರಲಿ.

ಗುಟ್ಟು ಇರೋದು ಸಮಯದಲ್ಲಿ. ದರ್ಶಿನಿಯಲ್ಲಿ ಕೌಂಟರ್‌ನಲ್ಲಿ ದುಡ್ಡು ಕೊಟ್ಟು ಚೀಟಿ ಹಿಡಿದರೆ ಎರಡು ಮೂರು ನಿಮಿಷಕ್ಕೆ ಇಡ್ಲಿ ಕೈಯಲ್ಲಿರುತ್ತೆ. ಹಿಟ್ಟು ಸಿದ್ಧ, ಚಟ್ನಿ ಸಿದ್ಧ, ಹಬೆ ಪಾತ್ರೆ ಒಲೆ ಮೇಲೇ ಇರುತ್ತೆ. ಮಗುವಿನ ಹಸಿವಿಗೂ ನಮ್ಮ ಹಸಿವಿಗೂ ಇರೋ ವ್ಯತ್ಯಾಸ ಇಷ್ಟೇ: ನಮ್ಮದು ಕಾಯುತ್ತೆ, ಅದರದ್ದು ಕಾಯಲ್ಲ. ಹಳೇ ಹೋಟೆಲ್‌ಗಳು ಮಕ್ಕಳಿಗೆ ಅಂತ ಏನೂ ವಿಶೇಷ ಮಾಡಲ್ಲ, ಆದರೆ ಕಾಯಿಸಲ್ಲ. ಹೊರಗೆ ಕ್ಯೂ ಇರುತ್ತೆ ನಿಜ. ಅದಕ್ಕೆ ಬೆಳಿಗ್ಗೆ ಬೇಗ ಹೋಗೋದೊಂದೇ ದಾರಿ.

ಲ್ಯಾವೆಲ್ಲೆ ರಸ್ತೆ ಹತ್ತಿರದ ಏರ್‌ಲೈನ್ಸ್ ಹೋಟೆಲ್ ಇನ್ನೊಂದು ಥರ. ಮರದ ಕೆಳಗೆ ಬಯಲಲ್ಲೇ ಟೇಬಲ್. ಮಗು ಎಷ್ಟು ಕಿರುಚಿದರೂ ಸದ್ದು ಆಕಾಶಕ್ಕೆ ಹೋಗುತ್ತೆ. ಅಳಿಲು, ಕಾಗೆ, ಒಣಗಿದ ಎಲೆ ಎಲ್ಲಾ ಫ್ರೀ. ಕಾರುಗಳೂ ಒಳಗೆ ಬರೋದರಿಂದ ಮಗುವಿನ ಕೈ ಮಾತ್ರ ಬಿಡಬೇಡಿ.

12ನೇ ಮೇನ್, ಹನ್ನೆರಡು ಗಂಟೆ

ಹಾಗಂತ ಇಡ್ಲಿ ದೋಸೆಯಲ್ಲೇ ಎಷ್ಟು ದಿನ? ನನ್ನ ಹೆಂಡತಿಗೆ ಇಷ್ಟ ಇಂದಿರಾನಗರ. ಮದುವೆಗೆ ಮೊದಲು ನಾವಿಬ್ಬರೂ ಸುತ್ತಿದ್ದು ಅಲ್ಲೇ. 100 ಅಡಿ ರಸ್ತೆ ಮತ್ತು 12ನೇ ಮೇನ್ ಸೇರೋ ಜಾಗದಲ್ಲಿ ನಿಂತು ಯಾವ ಕಡೆ ತಿರುಗಿದರೂ ಒಂದು ಕೆಫೆ, ಒಂದು ಬ್ರೂವರಿ, ಒಂದು ಜಪಾನೀಸ್ ಊಟದ ಮನೆ. ಒಂದು ಕಾಲದಲ್ಲಿ ಸಂಸಾರಗಳಿದ್ದ ಮನೆಗಳೇ ಈಗ ಎಷ್ಟೋ ಕಡೆ ರೆಸ್ಟೋರೆಂಟ್. ಅಂಗಳದ ಮರ ಹಾಗೇ ಇದೆ, ಅದಕ್ಕೆ ಲೈಟ್ ಸುತ್ತಿದ್ದಾರೆ.

ವಿಜಯನಗರದಿಂದ ನೇರಳೆ ಮೆಟ್ರೋ ಹತ್ತಿದರೆ ಬದಲಾಯಿಸದೇ ಇಂದಿರಾನಗರ. ಸ್ಟೇಷನ್ ಸಿಎಂಎಚ್ ರಸ್ತೆಯಲ್ಲಿದೆ, ಅಲ್ಲಿಂದ 12ನೇ ಮೇನ್‌ಗೆ ಆಟೋ. ಮೆಟ್ರೋದಲ್ಲಿ ಸ್ಟ್ರಾಲರ್‌ಗೆ ಲಿಫ್ಟ್ ಇದೆ, ತೊಂದರೆ ಇಲ್ಲ. ಕಷ್ಟ ಶುರುವಾಗೋದು ಆಟೋ ಇಳಿದ ಮೇಲೆ. ಫುಟ್‌ಪಾತ್ ನಾಲ್ಕು ಹೆಜ್ಜೆಗೆ ಒಂದು ಸಲ ಏರುತ್ತೆ, ಇಳಿಯುತ್ತೆ, ಮಧ್ಯೆ ಟ್ರಾನ್ಸ್‌ಫಾರ್ಮರ್, ಆಮೇಲೆ ಬೈಕು. ಎಷ್ಟೋ ರೆಸ್ಟೋರೆಂಟ್‌ಗಳು ಮೊದಲ ಮಹಡಿಯಲ್ಲಿ ಅಥವಾ ಟೆರೇಸ್ ಮೇಲೆ. ಲಿಫ್ಟ್ ಇದೆಯಾ, ಮೆಟ್ಟಿಲು ಎಷ್ಟು ಅಂತ ಫೋನ್ ಮಾಡಿ ಕೇಳೋದು ಒಳ್ಳೇದು. ಫೋಟೋದಲ್ಲಿ ಗೊತ್ತಾಗಲ್ಲ. ಈ ಏರಿಯಾಗೆ ನಾವು ಸ್ಟ್ರಾಲರ್ ತರೋದೇ ಬಿಟ್ಟಿದ್ದೇವೆ. ಎದೆಗೆ ಕಟ್ಟಿಕೊಳ್ಳೋ ಕ್ಯಾರಿಯರ್ ಸಾಕು.

ಹೋಗೋ ಹೊತ್ತು ಮಧ್ಯಾಹ್ನ ಹನ್ನೆರಡು. ಬಾಗಿಲು ತೆರೆದ ತಕ್ಷಣ. ಇದಕ್ಕಿಂತ ದೊಡ್ಡ ಉಪಾಯ ನನಗೆ ಗೊತ್ತಿಲ್ಲ. ಆ ಹೊತ್ತಿಗೆ ಕಿಚನ್‌ನಲ್ಲಿ ಆರ್ಡರ್ ಇರಲ್ಲ, ಮ್ಯೂಸಿಕ್ ಸಣ್ಣಗಿರುತ್ತೆ, ಮೂಲೆ ಟೇಬಲ್ ಖಾಲಿ ಇರುತ್ತೆ, ಸಿಬ್ಬಂದಿಗೆ ಮಗುವಿನ ಜೊತೆ ಎರಡು ಮಾತಾಡೋಕೂ ಪುರುಸೊತ್ತಿರುತ್ತೆ. ಒಂದೂವರೆಗೆ ಜನ ತುಂಬೋ ಹೊತ್ತಿಗೆ ನಾವು ಬಿಲ್ ಕೊಟ್ಟು ಹೊರಗೆ. ಮಗು ಆಟೋದಲ್ಲೇ ನಿದ್ದೆ.

ಗೇಟಿನಲ್ಲಿ ಕೇಳಿದ ಮಾತು

ಸಂಜೆಯ ಕಥೆ ಬೇರೆ. ಒಂದು ಶನಿವಾರ ಏಳು ಗಂಟೆಗೆ ಗೆಳೆಯರೆಲ್ಲ ಸೇರಿ ಒಂದು ಬ್ರೂವರಿಯಲ್ಲಿ ಟೇಬಲ್ ಬುಕ್ ಮಾಡಿದ್ದರು. ಐದು ಜನ ದೊಡ್ಡವರು, ಒಂದು ಮಗು ಅಂತ ಬುಕಿಂಗ್‌ನಲ್ಲೇ ಬರೆದಿತ್ತು. ಬಾಗಿಲಲ್ಲಿ ನಿಂತ ಹುಡುಗ ಮಗಳನ್ನು ನೋಡಿ, "ಸಾರಿ ಸರ್, ಏಳರ ಮೇಲೆ ಕಿಡ್ಸ್ ಅಲೋ ಇಲ್ಲ" ಅಂದ.

"ಬುಕಿಂಗ್‌ನಲ್ಲಿ ಹಾಕಿದ್ವಲ್ಲಪ್ಪ?"

"ಆ್ಯಪ್‌ನಲ್ಲಿ ನಮಗೆ ಅದು ಕಾಣಲ್ಲ ಸರ್. ರೂಲ್ಸು."

ಹೆಂಡತಿ ಆಗಲೇ ಬ್ಯಾಗ್ ಹೆಗಲಿಗೆ ಹಾಕಿಕೊಂಡು, "ನೀವೆಲ್ಲ ಇರಿ, ನಾನು ಪುಟ್ಟಿ ಮನೆಗೆ ಹೋಗ್ತೀವಿ" ಅಂದಳು. ಒಂದು ಕ್ಷಣವೂ ಯೋಚಿಸದೇ ಬಂದ ಮಾತದು. ಯಾರು ಉಳಿಯಬೇಕು, ಯಾರು ಮನೆಗೆ ಹೋಗಬೇಕು ಅಂತ ಯಾರೂ ಕೇಳಲೇ ಇಲ್ಲ, ಉತ್ತರ ಮಾತ್ರ ರೆಡಿ ಇತ್ತು. ನನಗೆ ಕೋಪ ಬಂದಿದ್ದು ಆ ಹುಡುಗನ ಮೇಲಲ್ಲ, ಆ ರೆಡಿ ಉತ್ತರದ ಮೇಲೆ. ಕೊನೆಗೆ ಆರೂ ಜನ ನಡೆದುಕೊಂಡು ಹೋಗಿ ಹತ್ತಿರದಲ್ಲೇ ಒಂದು ಚಾಟ್ ಅಂಗಡಿ ಮುಂದೆ ನಿಂತು ಮಸಾಲೆ ಪುರಿ ತಿಂದೆವು.

ದೊಡ್ಡವರಿಗೆ ಮಾತ್ರ ಅಂತ ಒಂದು ಜಾಗ ಇರೋದರಲ್ಲಿ ತಪ್ಪಿಲ್ಲ. ಎಲ್ಲಾ ಟೇಬಲ್ ಪಕ್ಕದಲ್ಲೂ ಮಗು ಇರಬೇಕು ಅಂತ ನಾನೂ ಹೇಳಲ್ಲ. ಅದನ್ನ ಮೊದಲೇ ಹೇಳಿದರೆ ಸಾಕು. ಅದಕ್ಕೇ ಈಗ ಸಂಜೆ ಹೋಗೋದಾದರೆ ಆ್ಯಪ್ ನಂಬಲ್ಲ, ಫೋನ್ ಮಾಡ್ತೀವಿ. "ಮಗು ಇದೆ, ಎಷ್ಟು ಗಂಟೆವರೆಗೆ ಬರಬಹುದು?" ಅಂತ ನೇರ ಪ್ರಶ್ನೆ. ಅರ್ಧ ನಿಮಿಷದ ಕೆಲಸ.

ಮೊದಲ ಹತ್ತು ನಿಮಿಷ

ಫ್ಯಾನ್ಸಿ ರೆಸ್ಟೋರೆಂಟ್‌ನಲ್ಲಿ ಊಟ ಲೇಟಾಗೋಕೆ ಕಾರಣ ಇದೆ. ಅಲ್ಲಿ ಆರ್ಡರ್ ಬಂದ ಮೇಲೆ ಅಡುಗೆ. ಟೇಬಲ್‌ನ ಎಲ್ಲಾ ಆರ್ಡರ್ ಒಂದೇ ಚೀಟಿಯಲ್ಲಿ ಒಳಗೆ ಹೋಗುತ್ತೆ. ಮೊದಲು ಸ್ಟಾರ್ಟರ್, ಅದು ಮುಗಿಯೋದನ್ನ ನೋಡಿಕೊಂಡು ಮೇನ್ ಕೋರ್ಸ್. ಮಗುವಿನ ಪಾಸ್ತಾನೂ ನಿಮ್ಮ ಮೇನ್ ಕೋರ್ಸ್ ಜೊತೆ ಸೇರಿಹೋದರೆ ಅದು ಬರೋದು ನಲವತ್ತು ನಿಮಿಷಕ್ಕೆ. ಅಷ್ಟರಲ್ಲಿ ಮಗು ಉಪ್ಪಿನ ಡಬ್ಬಿ ಖಾಲಿ ಮಾಡಿ, ನೆಲಕ್ಕಿಳಿದು, ಅಳೋಕೆ ಶುರು ಮಾಡಿರುತ್ತೆ.

ಅದಕ್ಕೆ ಕೂತ ತಕ್ಷಣ, ಮೆನು ತೆರೆಯೋ ಮೊದಲೇ, ಮಗುವಿನ ಊಟ ಹೇಳಿಬಿಡಿ. "ಇದು ಈಗಲೇ ಬರಲಿ, ನಮ್ಮದು ನಿಧಾನ ಆದರೂ ಪರವಾಗಿಲ್ಲ." ನಮ್ಮ ಆಫೀಸ್ ಭಾಷೆಯಲ್ಲಿ ಇದು ಹೈ ಪ್ರಯಾರಿಟಿ ಟಿಕೆಟ್. ಸೌತ್ ಇಂಡಿಯನ್ ಊಟ ಇಲ್ಲದ ಕಡೆಯೂ ಬಿಳಿ ಅನ್ನ, ಬೆಣ್ಣೆ ಹಾಕಿದ ಸಪ್ಪೆ ಪಾಸ್ತಾ, ಆಮ್ಲೆಟ್, ಬೇಯಿಸಿದ ತರಕಾರಿ ಇವುಗಳಲ್ಲಿ ಒಂದಾದರೂ ಸಿಗುತ್ತೆ. "ಖಾರ ಬೇಡ" ಅಂದರೆ ಸಾಲದು, "ಪೆಪ್ಪರ್, ಚಿಲ್ಲಿ ಫ್ಲೇಕ್ಸ್ ಎರಡೂ ಬೇಡ, ಉಪ್ಪು ಕಡಿಮೆ" ಅಂತ ಬಿಡಿಸಿ ಹೇಳಬೇಕು. ನಮ್ಮ ಬ್ಯಾಗ್‌ನಲ್ಲಿ ಒಂದು ಬಾಳೆಹಣ್ಣು, ಒಂದು ಡಬ್ಬಿ ಮೊಸರನ್ನ ಯಾವಾಗಲೂ ಇರುತ್ತೆ. ಹೊರಗಿನ ಆಹಾರ ಬೇಡ ಅಂತ ಬೋರ್ಡ್ ಇರೋ ಕಡೆಯೂ ಮಗುವಿನ ಡಬ್ಬಿಗೆ ಯಾರೂ ಇದುವರೆಗೆ ಬೇಡ ಅಂದಿಲ್ಲ.

ಕೆಫೆಗಳಲ್ಲಿ ಎರಡು ವಿಷಯ ಗಮನಿಸಿ. ಪ್ಯಾನ್‌ಕೇಕ್ ಮೇಲೆ, ಸ್ಮೂದಿಯಲ್ಲಿ ಜೇನುತುಪ್ಪ ಹಾಕ್ತಾರೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು, ಬಾಟುಲಿಸಮ್ ಅನ್ನೋ ಅಪಾಯಕಾರಿ ಕಾಯಿಲೆ ಬರೋ ಸಾಧ್ಯತೆ ಇರುತ್ತೆ. ಸಲಾಡ್‌ನಲ್ಲಿ ಇಡೀ ದ್ರಾಕ್ಷಿ, ಇಡೀ ಬಾದಾಮಿ ಇರುತ್ತೆ, ಅದು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ದ್ರಾಕ್ಷಿಯನ್ನ ಉದ್ದಕ್ಕೆ ಸೀಳಿ ಕೊಡಿ, ಬಾದಾಮಿ ತೆಗೆದಿಡಿ. ಹೈ ಚೇರ್ ತಂದರೆ ಮೊದಲು ಬೆಲ್ಟ್ ಇದೆಯಾ ನೋಡಿ. ಕೂರೋ ಜಾಗ ಸಪ್ಲೈಯರ್ ಓಡಾಡೋ ದಾರಿಯಲ್ಲಿ ಇರಬಾರದು. ಬಿಸಿ ಸಿಜ್ಲರ್ ಮಗುವಿನ ತಲೆ ಮೇಲಿಂದ ಹೋಗೋದನ್ನ ಒಂದು ಸಲ ನೋಡಿದರೆ ಸಾಕು, ಗೋಡೆ ಪಕ್ಕದ ಟೇಬಲ್ ಯಾಕೆ ಅಂತ ಗೊತ್ತಾಗುತ್ತೆ.

ಮೊಬೈಲ್ ಬಗ್ಗೆ ಬುದ್ಧಿ ಹೇಳೋಕೆ ನಾನು ಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಒಂದು ವರ್ಷದ ಮಗುವಿಗೆ ಸ್ಕ್ರೀನ್ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಕಡಿಮೆಯಾದಷ್ಟೂ ಒಳ್ಳೇದು. ಪಕ್ಕದ ಟೇಬಲ್‌ನಲ್ಲಿ ಮಗು ಕಾರ್ಟೂನ್ ನೋಡ್ತಾ ಊಟ ಮಾಡ್ತಿದ್ದರೆ ಆ ಅಮ್ಮನನ್ನ ದುರುಗುಟ್ಟಿ ನೋಡಬೇಡಿ. ಬಹುಶಃ ಅವಳೂ ಐದು ತಿಂಗಳಿಂದ ಬಿಸಿ ಊಟ ಮಾಡಿಲ್ಲ.

ಚರ್ಚ್ ಸ್ಟ್ರೀಟ್‌ನಲ್ಲಿ ಶಿಫ್ಟ್

ನಮ್ಮ ಮನೆಯ ಪದ್ಧತಿ ಶಿಫ್ಟ್. ಒಂದು ಸಲ ಹೆಂಡತಿ ಮೊದಲು ಊಟ ಮಾಡ್ತಾಳೆ, ನಾನು ಮಗು ಎತ್ತಿಕೊಂಡು ಓಡಾಡ್ತೀನಿ. ಮುಂದಿನ ಸಲ ಉಲ್ಟಾ. ಇಬ್ಬರ ಮೇನ್ ಕೋರ್ಸ್ ಒಟ್ಟಿಗೆ ತರಬೇಡಿ, ಹದಿನೈದು ನಿಮಿಷ ಅಂತರ ಇರಲಿ ಅಂತ ಮೊದಲೇ ಹೇಳ್ತೀವಿ. ಅಡುಗೆಯವರು ಇದನ್ನ ಖುಷಿಯಿಂದ ಮಾಡ್ತಾರೆ, ಯಾಕಂದ್ರೆ ಅವರಿಗೂ ತಾವು ಮಾಡಿದ್ದು ಆರಿಹೋಗೋದು ಇಷ್ಟ ಇಲ್ಲ.

ಇದಕ್ಕೆ ಅತ್ಯಂತ ಒಳ್ಳೆ ಜಾಗ ಚರ್ಚ್ ಸ್ಟ್ರೀಟ್. ಎಂ.ಜಿ. ರಸ್ತೆ ಮೆಟ್ರೋ ಇಳಿದು ಸ್ವಲ್ಪ ನಡೆದರೆ ಸಿಗುತ್ತೆ. 2018ರಲ್ಲಿ ಕಲ್ಲು ಹಾಸಿ ಹೊಸದಾಗಿ ಮಾಡಿದ ಮೇಲೆ ಇಲ್ಲಿ ಮಗುವನ್ನು ನಡೆಸಿಕೊಂಡು ಹೋಗೋಕೆ ಅಗಲವಾದ ಜಾಗ ಇದೆ. ಒಬ್ಬರು ಊಟ ಮಾಡ್ತಿರುವಾಗ ಇನ್ನೊಬ್ಬರು ಬ್ಲಾಸಮ್‌ಗೋ ಬುಕ್‌ವರ್ಮ್‌ಗೋ ಹೋಗಿ ಚಿತ್ರದ ಪುಸ್ತಕ ತೋರಿಸಬಹುದು. ನಮ್ಮ ಮಗಳ ಅರ್ಧ ಪುಸ್ತಕ ಬಂದಿದ್ದು ನನ್ನ ಶಿಫ್ಟ್‌ಗಳಲ್ಲಿ. ರಸ್ತೆಯ ಆ ತುದಿಗೆ, ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಕೋಶೀಸ್ ಇದೆ. ಅಜ್ಜಿ, ಮಗ, ಮೊಮ್ಮಗು ಒಂದೇ ಟೇಬಲ್‌ನಲ್ಲಿ ಕೂತು ತಿನ್ನೋದು ಅಲ್ಲಿ ಹೊಸದಲ್ಲ. ಪಾರ್ಟಿ ಜಾಗವೂ ಅಲ್ಲದ, ದರ್ಶಿನಿಯೂ ಅಲ್ಲದ ಇಂಥ ಮಧ್ಯದ ಜಾಗಗಳು ಸಣ್ಣ ಮಕ್ಕಳವರಿಗೆ ವರ.

ಆ ಟೇಬಲ್ ಎಲ್ಲಿದೆ?

ಶಿಫ್ಟ್ ಎಲ್ಲಾ ಸರಿಯಾಗಿ ನಡೆಯುತ್ತೆ, ಡಯಾಪರ್ ಬದಲಾಯಿಸೋವರೆಗೆ. ನಾನು ಹೋದ ಒಳ್ಳೊಳ್ಳೆ ಜಾಗಗಳಲ್ಲಿ, ಒಂದು ಊಟಕ್ಕೆ ಮೂರು ಸಾವಿರ ಬಿಲ್ ಆಗೋ ಕಡೆಯೂ, ಡಯಾಪರ್ ಬದಲಾಯಿಸೋ ಮಡಚುವ ಟೇಬಲ್ ಇದ್ದರೆ ಅದು ಹೆಂಗಸರ ಟಾಯ್ಲೆಟ್‌ನಲ್ಲಿ. ಗಂಡಸರ ಕಡೆ ಇಟಾಲಿಯನ್ ಟೈಲ್ಸ್ ಇದೆ, ಸುಗಂಧದ ಕಡ್ಡಿ ಇದೆ, ಟೇಬಲ್ ಇಲ್ಲ.

ಇದರ ಅರ್ಥ ಏನು? ನನ್ನ ಶಿಫ್ಟ್‌ನಲ್ಲಿ ಮಗು ಒದ್ದೆ ಮಾಡಿಕೊಂಡರೂ ಏಳಬೇಕಾದವಳು ಊಟ ಮಾಡ್ತಿರೋ ಅವಳೇ. ಒಂದು ಕಡೆ ನಾನು ಕೇಳಿದ್ದಕ್ಕೆ ಮ್ಯಾನೇಜರ್ ಬಹಳ ವಿನಯದಿಂದ, "ಮೇಡಂ ಇದ್ದಾರಲ್ಲ ಸರ್?" ಅಂದರು. ಮೇಡಂ ಎದುರಿಗೆ ಆಗಷ್ಟೇ ಬಂದ ರಿಸೊಟ್ಟೊ ಹೊಗೆಯಾಡ್ತಿತ್ತು. ನಾನು ಎರಡು ಕುರ್ಚಿ ಜೋಡಿಸಿಕೊಡಿ ಅಂತ ಕೇಳಿದೆ. ಒಳಗಿನ ಸ್ಟೋರ್ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಅಲ್ಲಿದ್ದ ಒಬ್ಬ ಅಡುಗೆ ಹುಡುಗ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಅಣ್ಣ, ಆ ಕಡೆ ಟೇಪ್ ಸರಿಯಾಗಿ ಅಂಟಿಲ್ಲ" ಅಂದ. ಊರಲ್ಲಿ ಅವನಿಗೂ ಎಂಟು ತಿಂಗಳ ಮಗು ಇದೆಯಂತೆ. ಬರ್ತಾ ಮಗಳ ಕೈಗೆ ಒಂದು ಕ್ಯಾರೆಟ್ ತುಂಡು ಕೊಟ್ಟ.

ಪಕ್ಕದ ಟೇಬಲ್‌ನವರು

ಅವರಿಗೂ ಅವರ ಸಂಜೆ ಮುಖ್ಯ. ಮಗು ಎರಡು ನಿಮಿಷಕ್ಕಿಂತ ಹೆಚ್ಚು ಅತ್ತರೆ ನಾವು ಎತ್ತಿಕೊಂಡು ಹೊರಗೆ ಹೋಗ್ತೀವಿ, ಸಮಾಧಾನ ಆದ ಮೇಲೆ ವಾಪಸ್. ಒಟ್ಟು ಊಟ ಒಂದೂಕಾಲು ಗಂಟೆ, ಅದಕ್ಕಿಂತ ಎಳೆಯಲ್ಲ. ಡೆಸರ್ಟ್ ಬೇಕಂದ್ರೆ ಎದ್ದು ಹೋಗಿ ಕಾರ್ನರ್ ಹೌಸ್‌ನಲ್ಲಿ ಐಸ್‌ಕ್ರೀಮ್. ಅಲ್ಲಿ ಎಲ್ಲರ ಮೂತಿಗೂ ಚಾಕೊಲೇಟ್ ಮೆತ್ತಿಕೊಂಡಿರೋದರಿಂದ ಮಗು ಬೇರೆಯಾಗಿ ಕಾಣಲ್ಲ.

ಏಳುವಾಗ ಕುರ್ಚಿ ಕೆಳಗೆ ನೋಡಿ. ದೊಡ್ಡ ದೊಡ್ಡ ಅನ್ನದ ಉಂಡೆಗಳನ್ನಾದರೂ ಟಿಶ್ಯೂನಲ್ಲಿ ಎತ್ತಿಡಿ. ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನ ಎತ್ತಿಹಿಡಿದಿದೆ. ಬಿಲ್‌ನಲ್ಲಿ ತಾನಾಗಿ ಸೇರಿದ್ದರೆ ತೆಗೆಸಬಹುದು. ಆದರೆ ನಿಮ್ಮ ಮಗು ಚೆಲ್ಲಿದ್ದನ್ನ ಬಗ್ಗಿ ಒರೆಸಿದವರ ಕೈಗೆ ನೇರವಾಗಿ ಟಿಪ್ಸ್ ಕೊಡಿ.

ಅಮ್ಮನ ಲೆಕ್ಕ

ಕಳೆದ ಸಲ ಹಾಸನದಿಂದ ಅಮ್ಮ ಬಂದಿದ್ದರು. "ಮನೇಲಿ ಅನ್ನ ಸಾರು ಇಲ್ವೇನ್ರೋ?" ಅಂತ ಗೊಣಗಿಕೊಂಡೇ ಹೊರಟರು. ಅಲ್ಲಿ ಮೊದಲು ಬಂದಿದ್ದು ಪುಟ್ಟ ಗಾಜಿನ ಲೋಟದಲ್ಲಿ ಎರಡು ಗುಟುಕು ಟೊಮೆಟೊ ರಸಂ, ಬೆಲೆ 240 ರೂಪಾಯಿ. ಅಮ್ಮ ಮೆನು ದೂರ ಹಿಡಿದು ಓದಿ, "ಈ ದುಡ್ಡಿಗೆ ಒಂದು ಕೆಜಿ ತೊಗರಿಬೇಳೆ ಬಂದು ಮೇಲೆ ಚಿಲ್ಲರೆ ಮಿಕ್ಕುತ್ತಲ್ಲೋ" ಅಂದರು. ಪಕ್ಕದ ಟೇಬಲ್‌ನವರೂ ನಕ್ಕರು.

ಊಟ ಬಂದಾಗ ಅಭ್ಯಾಸದಂತೆ ಕೈ ಚಾಚಿದರು. "ಕೊಡಿ ಮಗೂನ, ನೀವಿಬ್ರೂ ತಿನ್ನಿ. ನಂದು ಆಮೇಲೆ."

"ಅತ್ತೆ, ಇವತ್ತು ಇವರ ಶಿಫ್ಟ್. ನೀವು ಕೂತ್ಕೊಳ್ಳಿ" ಅಂದಳು ಹೆಂಡತಿ.

ನಾನು ಮಗಳನ್ನ ಎತ್ತಿಕೊಂಡು ಅಂಗಳದ ಮೀನಿನ ತೊಟ್ಟಿ ತೋರಿಸೋಕೆ ಹೋದೆ. ಅತ್ತೆ ಸೊಸೆ ಇಬ್ಬರೂ ಎದುರು ಬದುರು ಕೂತು ನಿಧಾನವಾಗಿ ತಿಂದರು. ಮೆಟ್ರೋದಲ್ಲಿ ವಾಪಸ್ ಬರುವಾಗ ಅಮ್ಮ, "ನಿಮ್ಮಪ್ಪ ಹೋಟೆಲ್‌ಗೆ ಕರ್ಕೊಂಡು ಹೋದಾಗೆಲ್ಲ ನಿನ್ನ ಎತ್ಕೊಂಡು ನಾನು ಬಾಗಿಲ ಹತ್ರ ನಿಂತಿರ್ತಿದ್ದೆ. ನಾನು ಬಂದು ಕೂರೋ ಹೊತ್ತಿಗೆ ದೋಸೆ ರಬ್ಬರ್ ಆಗಿರೋದು" ಅಂದರು. ದೂರು ಹೇಳಿದ ಹಾಗಿರಲಿಲ್ಲ. ಆಮೇಲೆ ಮೊಮ್ಮಗಳ ಟೋಪಿ ಸರಿ ಮಾಡಿದರು.

ಹಾಗಾಗಿ ಮಗು ದೊಡ್ಡದಾಗಲಿ ಅಂತ ಕಾಯಬೇಡಿ. ಈ ಭಾನುವಾರ ಹನ್ನೆರಡಕ್ಕೆ ಹೊರಡಿ. ಮೊದಲ ಸಲ ಆದರೆ ಏರ್‌ಲೈನ್ಸ್ ಅಥವಾ ಕೋಶೀಸ್, ಧೈರ್ಯ ಬಂದ ಮೇಲೆ ಇಂದಿರಾನಗರ. ಮಗುವಿನ ಊಟ ಮೊದಲು, ದೊಡ್ಡವರದ್ದು ಪಾಳಿಯಲ್ಲಿ. ಅಪ್ಪಂದಿರಿಗೆ ಒಂದು ಕೆಲಸ ಜಾಸ್ತಿ: ಹೋದ ಕಡೆಯೆಲ್ಲ "ಗಂಡಸರ ಟಾಯ್ಲೆಟ್‌ನಲ್ಲಿ ಡಯಾಪರ್ ಟೇಬಲ್ ಇದೆಯಾ?" ಅಂತ ಕೇಳಿ. ಇಲ್ಲ ಅಂತಲೇ ಹೇಳ್ತಾರೆ. ಆದರೂ ಕೇಳಿ. ಒಬ್ಬ ಕೇಳಿದರೆ ನಗ್ತಾರೆ, ವಾರಕ್ಕೆ ಹತ್ತು ಜನ ಕೇಳಿದರೆ ಗೋಡೆಗೆ ನಾಲ್ಕು ಸ್ಕ್ರೂ ಹೊಡೆಸ್ತಾರೆ.